ಚುಚ್ಚದ ಹಿಮ್ಮಡಿ

ಮನೆಯಿಂದ,
೧೪ನೇ ತಾರೀಖು, ಬುಧವಾರ

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಪೂರ್ತಿ ವಾಸಿಯಾಗದಿರಲಿ, ಮೆಟ್ಟಿಲು ಹತ್ತುವಾಗಲೆಲ್ಲ ನನ್ನ ಮಗನ ನೆನಪಾಗಲಿ. ಏಳು ವರ್ಷದವನು ಮೆಟ್ಟಿಲನ್ನು ಕಾಲಲ್ಲಿ ತಡವಿಕೊಂಡು ಹತ್ತುತ್ತಾನೆ. ಕಣ್ಣು ಸರಿಯಾಗಿದೆಯಂತೆ, ಕಂಡದ್ದನ್ನು ಅರ್ಥಮಾಡಿಕೊಳ್ಳುವ ಮಿದುಳಿನ ಭಾಗಕ್ಕೇ ಪೆಟ್ಟು ಬಿದ್ದಿದೆಯಂತೆ. ಈ ತಿಂಗಳು ಮೂರು ಸಲ ಫಿಟ್ಸ್ ಬಂತು. ಆದರೂ ಫೋನಿನಲ್ಲಿ ನಿನ್ನ ದನಿ ಕೇಳಿದರೆ ‘ದೊಡ್ಡಮ್ಮಾ’ ಎಂದು ಕುಣಿಯುತ್ತಾನೆ, ಪೆದ್ದು. ನಾನು ವಿಷಯ ಎತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಹೊಸ ಡಾಕ್ಟರು ಹೆರಿಗೆಯ ಹಳೇ ಫೈಲು ಕೇಳಿದ್ದರು, ಆಸ್ಪತ್ರೆಯಿಂದ ತಂದುಕೊಟ್ಟೆ. ಬಸುರಿಯಾಗಿದ್ದಾಗ ನನಗೆ ಸಕ್ಕರೆ ಕಾಯಿಲೆ ಇತ್ತಲ್ಲ, ಅಂಥವರ ಕೂಸಿಗೆ ಹುಟ್ಟಿದ ಕೂಡಲೇ ರಕ್ತದ ಸಕ್ಕರೆ ಇಳಿಯಬಹುದು, ಮೂರು ಗಂಟೆಗೊಮ್ಮೆ ಹಿಮ್ಮಡಿ ಚುಚ್ಚಿ ನೋಡಲೇಬೇಕು, ಇಳಿದದ್ದು ತಿಳಿಯದೆ ಹೋದರೆ ಮಿದುಳು ಕೆಡುತ್ತದೆ ಎಂದರು. ಆಗ ಇಲ್ಲಿನ ಹೆರಿಗೆ ವಾರ್ಡಿನ ಹೆಡ್ ನರ್ಸ್ ನೀನೇ. ಫೈಲಿನ ಹಾಳೆಯಲ್ಲಿ ಎಂಟು ಸಲ ಚುಚ್ಚಿದ್ದಾಗಿ ಬರೆದಿದ್ದೀಯ, ಎಲ್ಲ ಸಕ್ಕರೆ ಸರಿಯಿರುವ ಅಂಕಿಗಳೇ: ಐವತ್ತೆಂಟು, ಅರವತ್ತು, ಐವತ್ತೊಂಬತ್ತು. ಎಲ್ಲಕ್ಕೂ ಒಂದೇ ಪೆನ್ನು, ಒಂದೇ ಉಸಿರು. ಆ ದಿನವೆಲ್ಲ ಅವನ ಹಿಮ್ಮಡಿಗೆ ಮುತ್ತಿಟ್ಟವಳು ನಾನು. ಸೂಜಿಯ ಒಂದು ಚುಕ್ಕೆಯೂ ಇರಲಿಲ್ಲ. ‘ನಮ್ಮ ಗುಂಡಂಗೆ ಯಾಕೆ ಚುಚ್ಚೋದು ಬಿಡೇ, ಚಿನ್ನದಂಥಾ ನಿದ್ದೆ ಮಾಡ್ತಿದಾನೆ, ಹಾಲಿಗೂ ಎಬ್ಬಿಸಬೇಡ’ ಅಂದೆಯಲ್ಲ, ಅದು ನಿದ್ದೆಯಾಗಿರಲಿಲ್ಲ ಅಕ್ಕಾ. ಪಕ್ಕದ ಹಾಸಿಗೆಯ ಕೂಸಿಗೆ ನೀನು ಬಿಡದೆ ಚುಚ್ಚಿದೆ, ಅದು ಚೀರಿಕೊಂಡಿತು. ಮೊನ್ನೆ ಅದು ಬೀದಿಯಲ್ಲಿ ಸೈಕಲ್ ಹೊಡೆಯುತ್ತಿತ್ತು. ನನ್ನದಕ್ಕೆ ನಿನ್ನ ಮುದ್ದು ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಅನ್ನುತ್ತಾರೆ; ನಾನು ದೂರಿದ್ದೇನೆ. ಆ ಹಾಳೆಯ ನಕಲು ಇಲ್ಲಿನ ಆಸ್ಪತ್ರೆಯ ಮುಖ್ಯಸ್ಥರಿಗೂ ಹೋಗಿದೆ, ಈಗ ನೀನು ಮೇಲ್ವಿಚಾರಕಿಯಾಗಿ ಮೆರೆಯುತ್ತಿರುವ ದೂರದ ಆಸ್ಪತ್ರೆಗೂ ಹೋಗಿದೆ. ನಿನ್ನ ಮೈಮೇಲಿನ ಆ ಬಿಳಿ ಬಟ್ಟೆ ಇಳಿಯುವವರೆಗೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಭಾನುವಾರ ಈ ಊರಲ್ಲಿರುವ ನಿನ್ನ ಮಗಳ ಬಾಣಂತನಕ್ಕೆಂದು ಬರುತ್ತೀಯಂತೆ. ಬಾ. ನನ್ನ ಮನೆಯ ಬಾಗಿಲು ಮಾತ್ರ ತಟ್ಟಬೇಡ.

ಭಾವನವರಿಗೆ ನಮಸ್ಕಾರ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಬೆನ್ನಿಗೆ ಹುಟ್ಟಿದವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಮಗಳಿಗೆ ನೋವು ಶುರುವಾಯಿತೆಂದು ಅಳಿಯ ಓಡಿ ಬಂದ. ಇದನ್ನು ಅದೇ ವಾರ್ಡಿನ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಹೆಣ್ಣು ಕೂಸು. ನಿನ್ನ ಮಗಳಿಗೂ ಬಸುರಿನಲ್ಲಿ ಸಕ್ಕರೆ ಇತ್ತು, ಗೊತ್ತಲ್ಲ. ನೀನು ಪಳಗಿಸಿದ ನರ್ಸ್ ಬಂದು, ‘ನಮ್ಮ ಮೇಡಂ ಮೊಮ್ಮಗಳು, ಹಾಯಾಗಿ ಮಲಗಿದೆ, ಚುಚ್ಚೋದೇನೂ ಬೇಡ, ಬರ್ಕೊಂಡುಬಿಡ್ತೀನಿ’ ಅಂದಳು. ನಾನು ಒಂದು ಗಳಿಗೆ ಸುಮ್ಮನಿದ್ದೆ. ಬೇಕೆಂದೇ ಸುಮ್ಮನಿದ್ದೆ. ಆಮೇಲೆ ಕೂಸಿನ ಕಾಲು ನಾನೇ ಹಿಡಿದು ಚುಚ್ಚಿಸಿದೆ. ಇಪ್ಪತ್ತೆರಡು ಬಂತು. ತಕ್ಷಣ ಗ್ಲೂಕೋಸ್ ಹಾಕಿದರು. ಈಗ ಏರಿದೆ, ಹಾಲು ಕುಡಿಯುತ್ತಿದ್ದಾಳೆ. ದೂರನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಭಾನುವಾರ ಬಂದವಳು ಮೊದಲು ಅವಳ ಹಿಮ್ಮಡಿ ನೋಡು. ಚುಕ್ಕೆ ಇದೆ.