ಗೀಟು ಹೊಡೆದ ಸಾಲು

ಅಕ್ಕಾ,

ಎದುರು ನಿಂತು ಹೇಳೋಕೆ ಮುಖವಿಲ್ಲ, ಅದಕ್ಕೇ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ನಮ್ಮ ಲ್ಯಾಬಿನ ಹೊಸ ಕಿಡ್ನಿ ಪರೀಕ್ಷೆಗೆ ಆರೋಗ್ಯವಾಗಿರೋರ ರಕ್ತ ಬೇಕು ಅಂತ ನಿನ್ನನ್ನ ಕರೆದಿದ್ದೆ. “ಸೂಜಿ ಕಂಡ್ರೆ ಮಂಚದಡಿ ಸೇರ್ತಿದ್ದೋನು ನನಗೇ ಚುಚ್ತೀಯೇನೋ” ಅಂತ ನೀನು ನಕ್ಕಿದ್ದೆ. ಕಿಡ್ನಿ ಕೆಟ್ಟಷ್ಟೂ ಏರೋ ಅಂಕಿ ಅದು; ಎಲ್ಲರಿಗಿಂತ ನಿನ್ನದು ಮೂರು ಪಟ್ಟು ಜಾಸ್ತಿ ಬಂತು. ಅಕ್ಕನಿಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದಾಳೆ, ಪರೀಕ್ಷೆಯದೇ ತಪ್ಪು ಅಂದುಕೊಂಡು ಲ್ಯಾಬ್ ಪುಸ್ತಕದಲ್ಲಿ ನಿನ್ನ ಸಾಲಿಗೆ ಗೀಟು ಹೊಡೆದೆ. ಗ್ರಾಫ್ ಚೆನ್ನಾಗಿ ಬಂತು. ಈಗ ಡಾಕ್ಟರುಗಳು ಅದೇ ಪರೀಕ್ಷೆ ನೋಡಿ ಔಷಧಿ ಶುರು ಮಾಡ್ತಾರೆ.

ಮೊನ್ನೆ ನಿನ್ನ ಊದಿದ ಕಾಲು ನೋಡಿ ಬಂದು ಹಳೇ ಪುಸ್ತಕ ತೆಗೆದೆ.

ಸೋಮವಾರ ಆಸ್ಪತ್ರೆಗೆ ಬಾ. ಬಯ್ಯೋದಿದ್ರೆ ಅಲ್ಲೇ ಬಯ್ಯಿ. ಎಷ್ಟು ದಿನದಿಂದ ಅಂತ ಡಾಕ್ಟರ್ ಕೇಳಿದ್ರೆ ಗೊತ್ತಿಲ್ಲ ಅನ್ನಬೇಡ. ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು, ತಮ್ಮ ನಂಬಲಿಲ್ಲ ಅನ್ನು.

ನಿನ್ನ ತಮ್ಮ