ವ್ಯಸನ ಅಂದಿದ್ದು ನಾನೇ

ಜೂನ್ 9, ಸೋಮವಾರ. ನಾಸಿಕ್

ಇಡ್ಲಿ ಹಿಟ್ಟು ಉಕ್ಕಿಲ್ಲ. ಮಗಳು ರುಚಿತಾ ಡಬ್ಬಿ ಇಲ್ಲದೆಯೇ ಕಾಲೇಜಿಗೆ ಓಡಿದಳು. ಅಷ್ಟರಲ್ಲಿ ಇನ್ಶೂರೆನ್ಸ್ ಕಂಪನಿಯ ಮೇಲ್ — ಇವರ ಆಸ್ಪತ್ರೆ ಖರ್ಚಿನ ಕ್ಲೇಮ್ ರಿಜೆಕ್ಟ್. ಕಾರಣ: ಮದ್ಯದ ಚಟ ಪಾಲಿಸಿಯಲ್ಲಿ ಬರುವುದಿಲ್ಲ. ಚಟವಿದೆ ಎಂದು ರೋಗಿಯ ಪತ್ನಿಯೇ ಹೇಳಿದ್ದಾರೆ.

ನಾನು ಹೇಳಿದ್ದೇನಾ!

ಹೌದು, ಹೇಳಿದ್ದೇನೆ. ಸಂಭಾಜಿನಗರದ, ಅದೇ ಔರಂಗಾಬಾದಿನ, ಆಸ್ಪತ್ರೆಗೆ ಇವರನ್ನು ಸೇರಿಸಿದ ದಿನ. ಏನು ತ್ರಾಸು ಎಂದಳು ಕೌಂಟರಿನ ಹುಡುಗಿ. ಇವರಿಗೆ ವರ್ಗವಾಗಿ ಇಲ್ಲಿಗೆ ಬಂದು ವರ್ಷವಾಗಿಲ್ಲ, ನನ್ನದು ಹರಕು ಮರಾಠಿ. "ಸಾಸೂಬಾಈ ಗೇಲ್ಯಾಪಾಸೂನ ಖೂಪ ವ್ಯಸನ ಆಹೇ" ಅಂದೆ. ಅತ್ತೆ ತೀರಿದಾಗಿನಿಂದ ದುಃಖದಲ್ಲಿದ್ದಾರೆ ಅಂತ ನನ್ನ ಅರ್ಥ. ಗದಗಿನಲ್ಲಿ ನಮ್ಮವ್ವ ದುಃಖಕ್ಕೆ ವ್ಯಸನ ಅಂತಲೇ ಅನ್ನುವುದು. ಮರಾಠಿಯಲ್ಲಿ ವ್ಯಸನ ಅಂದರೆ ಚಟ. ಬರೆದುಕೊಂಡಳು ಪುಣ್ಯಾತ್ಗಿತ್ತಿ.

ಹಾಗಂತ ಸುಳ್ಳೂ ಅಲ್ಲ. ದುಃಖ, ಕುಡಿತ... ಎರಡಕ್ಕೂ ತಾನೇ ಸೇರಿಸಿದ್ದು.

ಜೂನ್ 10

ಹುಬ್ಬಳ್ಳಿಯಿಂದ ಮೈದುನ ಉತ್ಕರ್ಷನ ಫೋನ್. ವ್ಯಸನದ ಕಥೆ ಹೇಳಿದರೆ ಅವನಿಗೆ ಖುಷಿಯೋ ಖುಷಿ.

"ಚಲೋನ ಆತಲ್ರೀ ವೈನಿ! ಭಾಷಾ ತಿಳೀಲಿಲ್ಲ, ದುಃಖ ಅನ್ನೂದಿತ್ತು ಅಂತ ಬರದು ಕೊಡ್ರಿ. ಡಿಪ್ರೆಶನ್‌ಗೆ ಕೊಡ್ತಾರಂತ. ಕುಡಿಯೂ ಸುದ್ದೀನ ತಗೀಬ್ಯಾಡ್ರಿ. ಮನಿ ಮರ್ಯಾದಿನೂ ಉಳೀತದ."

"ಸಕ್ಕರಿ ಜಡ್ಡಿಗೆ ಸೇರ್ಸಿದ್ರ ಮರ್ಯಾದಿ ಹೋಗ್ತಿತ್ತೇನ್ರಿ?"

"ಅದು ಜಡ್ಡು. ಇದು ಚಟ."

ಫೋನ್ ಕಟ್ ಮಾಡಿದೆ.

ಜೂನ್ 15, ರವಿವಾರ. ಸಂಭಾಜಿನಗರಕ್ಕೆ ಹೋಗಿ ಬಂದು

ಇವರು ನನ್ನ ಮುಖ ನೋಡಲಿಲ್ಲ. ಉತ್ಕರ್ಷ ಇವರ ಕಿವಿಗೂ ಹಾಕಿದ್ದಾನೆ.

"ಬರದು ಕೊಡು ಮೃದುಲಾ. ಇಲ್ಲಂದ್ರ ನಾ ಇಲ್ಲಿ ಇರಂಗಿಲ್ಲ. ನಡಿ, ಮನಿಗೆ ಹೋಗೂಣು."

ಮೂರು ತಿಂಗಳ ಕೋರ್ಸ್ ಇನ್ನೂ ಅರ್ಧವೂ ಆಗಿಲ್ಲ. ಈಗ ಎದ್ದು ಬಂದರೆ ಮತ್ತೆ ಬಾಟಲಿಯೇ. ಅದು ಇವರಿಗೂ ಗೊತ್ತು, ನನಗೂ ಗೊತ್ತು.

"ಏನಂತ ಬರೀಲಿ? ನನ್ನ ಗಂಡ ಕುಡಿಯೂದ ಇಲ್ಲ ಅಂತ? ಹಂಗಾದ್ರ ನೀವು ಇಲ್ಲಿ ಯಾಕದೀರಿ?"

ಹೊರಡುವಾಗ ಇವರ ಡಾಕ್ಟರ್ ಲತಾ ಮೇಡಂ ಕಾನೂನಿನ ಸಾಲು ತೋರಿಸಿದರು. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಕುಡಿತದಿಂದಾದ ಮನಸ್ಸಿನ ತೊಂದರೆಯೂ ಕಾಯಿಲೆಯೇ. ಅಚ್ಚಾಗಿದೆ, ಇಂಗ್ಲಿಷಿನಲ್ಲಿ! ಬಸ್ಸಿನಲ್ಲಿ ಅದನ್ನೇ ಓದುತ್ತ ಬಂದೆ.

ಇಲ್ಲ. ಬರೆದು ಕೊಡುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಜುಲೈ 21

ಕಾನೂನಿನ ಸಾಲು ಬರೆದು ಕಳಿಸಿದರೂ ಕಂಪನಿಯದು ಮತ್ತೆ ಅದೇ ರಾಗ. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್‌ಗೆ ವ್ಯಸನ, ಕುಡಿತ ಎರಡನ್ನೂ ಬರೆದು ದೂರು ಹಾಕಿದೆ. ಇವರು ಇನ್ನೂ ಅಲ್ಲೇ ಇದ್ದಾರೆ — ನನ್ನ ಮೇಲಿನ ಸಿಟ್ಟಿಗೇ ಇರಬೇಕು. ಇರಲಿ, ಇದ್ದಾರಲ್ಲ.

ಲಿಫ್ಟಿನಲ್ಲಿ ಪಕ್ಕದ ಫ್ಲ್ಯಾಟಿನ ಮನೋರಮಾತಾಯಿ ಕೇಳಿದರು, ಸಾಹೇಬರ ಟ್ರೇನಿಂಗ್ ಮುಗಿಯಲಿಲ್ಲವಾ? ಹಾಗಂತ ನಾನೇ ಹೇಳಿದ್ದೆ; ಟ್ರೇನಿಂಗ್ ಅಲ್ಲ ತಾಯಿ, ದಾರೂ ಬಿಡಲು ಹೋಗಿದ್ದಾರೆ ಅಂದೆ. ಪಾಪ, ನಮ್ಮ ಮಹಡಿ ಬರುವ ತನಕ ಲಿಫ್ಟಿನ ಬಟನ್ನನ್ನೇ ನೋಡಿದರು.

ಆಗಸ್ಟ್ 28, ಸಂಜೆ. ಸಂಭಾಜಿನಗರ

ಒಂಬುಡ್ಸ್‌ಮನ್ ಸಾಹೇಬರ ವಿಚಾರಣೆ ವಿಡಿಯೋದಲ್ಲೇ. ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರು, ಮೊಬೈಲ್ ಒಂದೇ. ಕಂಪನಿಯವನ ಮಾತು ಬೆಣ್ಣೆ. ಕನ್ನಡದಲ್ಲಿ ವ್ಯಸನ ಅಂದರೆ ದುಃಖ ಅಂತೆ ಮೇಡಂ, ದುಃಖ ಅಷ್ಟೇ ಅಂದುಬಿಡಿ, ಇವತ್ತೇ ಸೆಟಲ್ ಮಾಡೋಣ. ಕುಡಿತದ ಮಾತು ಬೇಡ, ಅದಕ್ಕೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ.

ಹೂಂ ಅಂದರೆ ಮುಗಿಯಿತು. ಸುಳ್ಳೇಕೆ, ಒಂದು ಕ್ಷಣ ಆಸೆಯೂ ಆಯಿತು.

ಇವರು ಮೊಬೈಲನ್ನು ತಮ್ಮ ಕಡೆ ಎಳೆದುಕೊಂಡರು.

"ಮೀ ದಾರೂ ಪೀತ ಹೋತೋ, ಸಾಹೇಬ. ಆಜಾರೀ ಆಹೇ."

ಕುಡಿಯುತ್ತಿದ್ದೆ, ಕಾಯಿಲೆಯವನಿದ್ದೇನೆ — ಇಷ್ಟೇ. ಇವರ ಬಾಯಿಂದ ಆ ಮಾತು ಇವತ್ತೇ ಮೊದಲು ಕೇಳಿದ್ದು.

ಅಳು ಒತ್ತಿಕೊಂಡು ಬಂತು. ಅಳಲಿಲ್ಲ. ಕಾನೂನಿನ ಸಾಲನ್ನು ಜೋರಾಗಿ ಓದತೊಡಗಿದೆ. ಕಂಪನಿಯವನು ನಡುವೆ ಬಾಯಿ ಹಾಕಿದ, "ಮೇಡಂ, ಮ್ಯೂಟ್ ಕೀಜಿಯೇ."

ಮಾಡಲಿಲ್ಲ. ಮೊದಲಿನಿಂದ ಓದಿದೆ. ಈ ಸಲ ಇವರೂ ನನ್ನ ಜೊತೆ ಓದಿದರು.