ಜೋರಾಗಿ ಓಡುವ ಕಾರು ತೆಗೆದುಕೊಂಡದ್ದು

ನವೆಂಬರ್ 9, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಗಿದ್ದಕ್ಕೆ ಬೈಯಬೇಡ. ಪುರುಸೊತ್ತಿರಲಿಲ್ಲ ಎಂದು ಬರೆಯೋಣವೆಂದುಕೊಂಡೆ, ಆದರೆ ಪುರುಸೊತ್ತು ಬೇಕಾದಷ್ಟಿತ್ತು. ಪೆನ್ನು ಹಿಡಿದು ಕೂತರೆ ಏನೂ ತೋಚುತ್ತಿರಲಿಲ್ಲ, ಅಷ್ಟೆ. ನೀನು, ಭಾವ, ಪುಟ್ಟಿ ಎಲ್ಲ ಚೆನ್ನಾಗಿದ್ದೀರಿ ತಾನೆ? ನಾವಿಬ್ಬರೂ ಇದ್ದೇವೆ. ಹೊತ್ತುಹೊತ್ತಿಗೆ ಊಟವಾಗುತ್ತದೆ, ಬಟ್ಟೆ ಒಗೆದದ್ದು ಒಣಗುತ್ತದೆ. ಅಮ್ಮನ ಕನ್ನಡಕ ಇನ್ನೂ ಫ್ರಿಜ್ಜಿನ ಮೇಲೆಯೇ ಇದೆ. ಒಂದೊಂದು ದಿನ ನಾನು, ಒಂದೊಂದು ದಿನ ಅಪ್ಪ ಅದನ್ನೆತ್ತಿ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇವೆ.

"ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ, ಮನೆ ಕಾರು ಮಾರಿ ರೇಸ್ ಕಾರು ತಗೊಳ್ತಿದ್ದೀಯಂತೆ, ನಾಚಿಕೆ ಆಗಲ್ವೇನೋ?" ಎಂದು ಬರೆದಿದ್ದೀಯ. ಸುದ್ದಿ ಮುಟ್ಟಿಸಿದವರು ಯಾರೆಂದು ಗೊತ್ತು. ಎದುರುಮನೆ ಆಂಟಿ. ಅವರ ಬಾಯಿಗಿರುವ ವೇಗ ನಾನು ನೋಡಿದ ಯಾವ ಕಾರಿಗೂ ಇರಲಿಲ್ಲ. ನಾಚಿಕೆ ಆಗುತ್ತಿಲ್ಲ ಅಕ್ಕಾ. ನಿಜ ಹೇಳಬೇಕೆಂದರೆ ಏನೂ ಆಗುತ್ತಿಲ್ಲ.

ಕಾರಿನ ಹುಚ್ಚು ನನ್ನದೇ, ಅದನ್ನು ಅಲ್ಲಗಳೆಯುವುದಿಲ್ಲ. ಶಾಲೆ ಬಿಟ್ಟು ಟೈರ್ ಅಂಗಡಿ ಸೇರಿದ್ದೂ ಅದಕ್ಕೇ. ಆದರೆ ಈ ಸಲ ಮಾತು ತೆಗೆದದ್ದು ಅಪ್ಪ. ಒಂದು ಬೆಳಿಗ್ಗೆ ನಾನು ಶೂ ಹಾಕಿಕೊಳ್ಳುತ್ತಿದ್ದಾಗ ಬಂದು, "ಆ ಕಾರು ಮಾರಿಬಿಡು. ಬಂದ ದುಡ್ಡಲ್ಲಿ ಬೇರೆ ನೋಡು. ಜೋರಾಗಿ ಓಡೋದು ನೋಡು" ಎಂದರು. ನಾನು ಲೇಸು ಕಟ್ಟುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಜೀವನವಿಡೀ ಶಾಲೆಯ ವ್ಯಾನ್ ಓಡಿಸಿ, ಒಂದು ಸಲವೂ ದಂಡ ಕಟ್ಟದೆ ನಿವೃತ್ತರಾದ ಮನುಷ್ಯ. ನನ್ನ ಬೈಕು ಗೇಟಿನೊಳಗೆ ಸ್ವಲ್ಪ ಜೋರಾಗಿ ಬಂದರೂ ರಾತ್ರಿ ಊಟದವರೆಗೆ ಮಾತು ಬಿಡುತ್ತಿದ್ದವರು.

"ಎಷ್ಟು ಜೋರು?" ಎಂದೆ.

"ನಮ್ಮ ದುಡ್ಡಿಗೆ ಎಷ್ಟು ಜೋರು ಬರುತ್ತೋ ಅಷ್ಟು."

ನಮ್ಮ ದುಡ್ಡಿಗೆ ಬರುವ ವೇಗವೆಲ್ಲ ಬೇರೆಯವರು ಹಿಂಡಿ ಬಿಟ್ಟದ್ದು. ಹಳೆಯ ಕಾರಿಗೆ ಹೆಚ್ಚೇನೂ ಬರಲಿಲ್ಲ, ನನ್ನ ಉಳಿತಾಯ ನಿನಗೆ ಗೊತ್ತೇ ಇದೆ. ಇಷ್ಟರಲ್ಲಿ ಸಿಗುವ ವೇಗದ ಕಾರನ್ನು ಮೂರನೆಯವನೋ ನಾಲ್ಕನೆಯವನೋ ಮಾರುತ್ತಿರುತ್ತಾನೆ, ಮತ್ತು ಎಲ್ಲರೂ "ನಾನು ಓಡಿಸಿದ್ದೇ ಕಡಿಮೆ" ಎನ್ನುತ್ತಾರೆ. ನಾನು ಮೊದಲು ಟೈರು ನೋಡುತ್ತೇನೆ. ಒಳಗಿನ ಅಂಚು ಮಾತ್ರ ಸವೆದಿದ್ದರೆ ಅಡಿಯಲ್ಲಿ ಏನೋ ಬಾಗಿದೆ ಎಂದು ಅರ್ಥ. ನಾಲ್ಕು ಟೈರು ನಾಲ್ಕು ಕಂಪನಿಯದ್ದಾದರೆ ಓನರ್ ಜುಗ್ಗ. ಅಂಥವನು ಎಂಜಿನ್ ಆಯಿಲನ್ನೂ ಸರಿಯಾಗಿ ಬದಲಾಯಿಸಿರುವುದಿಲ್ಲ.

ಮೊದಲು ನೋಡಿದ್ದು ಒಬ್ಬ ಹುಡುಗನ ಟರ್ಬೊ ಕಾರು. ಆಗಷ್ಟೇ ಅಪ್ಪನಾಗಿದ್ದನಂತೆ, ಹೆಂಡತಿ ಮಾರು ಎಂದಳಂತೆ. ಬಾನೆಟ್ ಮುಟ್ಟಿದರೆ ಬಿಸಿ. ನಾವು ಬರುವ ಮುಂಚೆಯೇ ಎಂಜಿನ್ ಓಡಿಸಿ ಬೆಚ್ಚಗೆ ಮಾಡಿಟ್ಟಿದ್ದ. ತಣ್ಣಗಿದ್ದಾಗ ಮಾಡುವ ಸದ್ದು ನಮಗೆ ಕೇಳಬಾರದು ನೋಡು. "ನಾಳೆ ಬರ್ತೀವಿ, ಅಷ್ಟರಲ್ಲಿ ಆರಿರುತ್ತೆ" ಎಂದೆ. ಅವನಿಗೆ ಸಿಟ್ಟು ಬಂತು.

ಆಮೇಲೆ ಹಳೆ ಕಾರುಗಳ ಶೋರೂಮು. ಅಲ್ಲಿ ಒಂದು ದೊಡ್ಡ ಎಂಜಿನ್ನಿನ ಕಪ್ಪು ಕಾರಿತ್ತು. ಮಾರುವವನು ಹೇಳಿದ ಬೆಲೆ ಕೇಳಿಯೇ ಅನುಮಾನ ಬಂದು ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಇಟ್ಟೆ. ಕೆಳಗೆ ಬಿತ್ತು. ಬಾಗಿಲಲ್ಲಿ ತಗಡಿಗಿಂತ ನೆಗ್ಗು ಮುಚ್ಚಲು ಮೆತ್ತಿದ ಪೇಸ್ಟೇ ಹೆಚ್ಚು. ಅಷ್ಟರಲ್ಲಿ ಅದೇ ಕಾರು ನೋಡಲು ಬಂದ ಗಂಡ ಹೆಂಡತಿ, "ಹೇಗಿದೆ ಸರ್?" ಎಂದು ನನ್ನನ್ನೇ ಕೇಳಿದರು. ಕೇಳಿದ್ದಕ್ಕೆ ಹೇಳಿದೆ. ಮಾರುವವನು ಕೈಮುಗಿದು, "ನೀವಿನ್ನು ಹೊರಡಿ ಸ್ವಾಮಿ, ನಾನೂ ಹೊಟ್ಟೆಪಾಡು ನೋಡ್ಬೇಕು" ಎಂದ.

ಹೊರಗೆ ಬಂದ ಮೇಲೆ ಅಪ್ಪ, "ಕೇಳಿದವರಿಗೆಲ್ಲ ಹೇಳಿಬಿಡ್ತೀಯಲ್ಲೋ" ಎಂದರು. ಬೈದದ್ದಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು.

ಎಲ್ಲಿ ಹೋದರೂ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ನಿಂತಲ್ಲಿಂದ ಎಷ್ಟು ಬೇಗ ಹೊರಡುತ್ತೆ?" ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಈ ಪ್ರಶ್ನೆ. ಆ ಟರ್ಬೊ ಹುಡುಗ ನಗು ತಡೆದುಕೊಂಡು, "ತಾತಾ, ನೀವಾ ಓಡ್ಸೋದು?" ಎಂದಿದ್ದ. ಅಪ್ಪ, "ಅಲ್ಲ, ನಾನು ಕೂತ್ಕೊಳ್ಳೋದು" ಎಂದಿದ್ದರು.

ಕೂರುವುದೂ ಹಿಂದೆಯೇ. ಮುಂದಿನ ಸೀಟು ಅಮ್ಮನದು ಎಂದು ಬಾಯಿ ಬಿಟ್ಟು ಹೇಳಿಲ್ಲ, ಆದರೆ ಅಮ್ಮ ಹೋದಮೇಲೆ ಅದರಲ್ಲಿ ಕೂತಿಲ್ಲ. ಸ್ಟೀರಿಂಗನ್ನಂತೂ ಮುಟ್ಟಿಲ್ಲ. ಕೊನೆಗೆ ನಾವು ಒಪ್ಪಿದ್ದು ಒಬ್ಬರು ಹಲ್ಲಿನ ಡಾಕ್ಟರಮ್ಮನ ಬೂದು ಬಣ್ಣದ ಕಾರನ್ನು, ಅದಕ್ಕೆ ಇರುವುದೇ ಎರಡು ಬಾಗಿಲು. ಹಿಂದಿನ ಸೀಟು ಶಾಪಿಂಗ್ ಬ್ಯಾಗ್ ಇಡುವುದಕ್ಕೆ ಸರಿ. ಅಪ್ಪ ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಒಂದೊಂದೇ ಕಾಲು ಎಳೆದುಕೊಂಡು ಒಳಗೆ ಹೋದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

"ಅಯ್ಯೋ ಅಂಕಲ್, ಮುಂದೆ ಆರಾಮಾಗಿ ಕೂತ್ಕೊಳ್ಳಿ, ಜಾಗ ಖಾಲಿ ಇದೆಯಲ್ಲ" ಎಂದರು ಡಾಕ್ಟರಮ್ಮ.

"ಪರವಾಗಿಲ್ಲಮ್ಮ, ಇಲ್ಲಿ ಸರಿಹೋಗುತ್ತೆ."

ಊರಾಚೆಯ ಖಾಲಿ ರಸ್ತೆಗೆ ಒಯ್ದು ಪೂರ್ತಿ ಒತ್ತಿದೆ. ಮುಂಚೆ ಬೈಕಿನಲ್ಲಿ ಇಳಿಜಾರು ಇಳಿದರೂ ನನ್ನ ಹೊಟ್ಟೆಯೊಳಗೆ ಝುಂ ಎನ್ನುತ್ತಿತ್ತು. ಈ ಕಾರು ಬೆನ್ನನ್ನು ಸೀಟಿಗೆ ಒತ್ತಿ ಹಿಡಿಯಿತು, ಮರಗಳೆಲ್ಲ ಒಂದಾದವು, ನನಗೆ ಮಾತ್ರ ಲಿಫ್ಟಿನಲ್ಲಿ ನಿಂತ ಹಾಗಿತ್ತು. ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಕನ್ನಡಿಯಲ್ಲಿ ಅಪ್ಪನನ್ನು ನೋಡಿದೆ. ಅವರೂ ಹಾಗೇ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಹ್ಞೂಂ, ಇದು ಸಾಕು" ಎಂದರು.

ವಾಪಸ್ ಬಂದಾಗ ಡಾಕ್ಟರಮ್ಮ ಹೇಳಿದ ಬೆಲೆ ಕಡಿಮೆಯಿತ್ತು. ಟೈರು ಹೊಸವು, ಎಂಜಿನ್ ಶುದ್ಧ. "ನೀವು ಕೇಳ್ತಿರೋದು ಕಡಿಮೆಯಾಯ್ತು ಮೇಡಂ, ಪೇಟೆಯಲ್ಲಿ ಇನ್ನೂ ಹೆಚ್ಚು ಸಿಗುತ್ತೆ" ಎಂದುಬಿಟ್ಟೆ. ಅಪ್ಪ ಹಿಂದಿನಿಂದ ಕೆಮ್ಮಿದರು. ಡಾಕ್ಟರಮ್ಮ ನಕ್ಕು, "ಹಲ್ಲು ಕೀಳಿಸೋಕೆ ಬಂದವರೂ ನನ್ನ ಹತ್ರ ಇಷ್ಟು ನಿಜ ಹೇಳಲ್ಲ. ತಗೊಂಡು ಹೋಗಪ್ಪ" ಎಂದು ಅದೇ ಬೆಲೆಗೆ ಕೊಟ್ಟರು.

ಈಗ ಕಾರು ಮನೆಯ ಮುಂದೆ ನಿಂತಿದೆ. ನಾನು ಅಂಗಡಿಗೆ ನಿಧಾನಕ್ಕೆ ಓಡಿಸಿಕೊಂಡು ಹೋಗುತ್ತೇನೆ. ಸಂಜೆ ಬಂದು ನಿಲ್ಲಿಸಿದ ಮೇಲೆ ಅಪ್ಪ ಹಿಂದಿನ ಸೀಟಿಗೆ ತೂರಿಕೊಂಡು ಅಲ್ಲೇ ಪೇಪರ್ ಓದುತ್ತಾರೆ. ಎದುರುಮನೆ ಆಂಟಿ ಇದನ್ನೂ ನಿನಗೆ ಬರೆದಿರಬಹುದು. ಬರೆದಿದ್ದರೆ ಅದು ನಿಜ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು, ಮಾವನ ಹಾಗೆ ಶಾಲೆ ಬಿಡಬೇಡ ಎಂದು ಹೇಳು. ನಿನಗೆ ಅಪ್ಪನ ಆಶೀರ್ವಾದ. ಅವರು ಹೇಳಿಲ್ಲ, ಆದರೆ ಕೇಳಿದರೆ ಖಂಡಿತ ಹೇಳುತ್ತಿದ್ದರು.

ನಿನ್ನ ತಮ್ಮ

ತಾ.ಕ.: ಅಪ್ಪ ಯಾಕೆ ಡ್ರೈವಿಂಗ್ ಬಿಟ್ಟರು ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಸುಮ್ಮನಿದ್ದೆ. ಅವತ್ತು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಬೆಳಕು ಹರಿಯುವುದರಲ್ಲಿತ್ತು, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಪ್ಪ ಪ್ರತಿಯೊಂದು ಕೆಂಪು ದೀಪಕ್ಕೂ ನಿಲ್ಲಿಸಿದರು. "ಹೋಗಿ ಅಪ್ಪಾ, ಯಾರೂ ಇಲ್ಲ" ಎಂದೆ. "ಕೆಂಪಿದೆ ಕಣೋ" ಎಂದರು. ಬೇಕೆಂದು ಮಾಡಿದ್ದಲ್ಲ. ಅವರ ಕಾಲಿಗೆ ಬೇರೆ ಗೊತ್ತೇ ಇರಲಿಲ್ಲ. ಇನ್ನು ಸ್ವಲ್ಪ ಮುಂಚೆ ಬಂದಿದ್ದರೆ ಅಮ್ಮ ಉಳಿಯುತ್ತಿದ್ದರು ಎಂದು ಡಾಕ್ಟರು ನನ್ನೊಬ್ಬನ ಹತ್ತಿರ ಹೇಳಿದರು. ಕಾರ್ಯ ಮುಗಿಸಿ ನೀನು ನಿನ್ನೂರಿಗೆ ಹೊರಟ ಮಾರನೆಯ ದಿನ ಅಪ್ಪ, "ನಿಲ್ಲಿಸದೆ ಹೋಗಿದ್ರೆ ಏನಾಗ್ತಿತ್ತೋ?" ಎಂದು ಕೇಳಿದರು. ಡಾಕ್ಟರು ಹೇಳಿದ್ದನ್ನೇ ಹೇಳಿದೆ. "ಹೌದಾ" ಎಂದು ಕಾರಿನ ಕೀ ತಂದು ನನ್ನ ಕೈಗೆ ಕೊಟ್ಟರು.

ಅಕ್ಕಾ, ನನಗೆ ಸುಳ್ಳು ಹೇಳಲು ಬರುವುದಿಲ್ಲ. ನಿನಗೆ ಚಿಕ್ಕಂದಿನಿಂದ ಬರುತ್ತದೆ. ಒಂದು ಸಲ ಬಂದು ಅಪ್ಪನಿಗೆ, ನಿನ್ನ ಹತ್ತಿರ ಡಾಕ್ಟರು ಬೇರೆಯೇ ಹೇಳಿದರು, ಎಷ್ಟು ಬೇಗ ಹೋಗಿದ್ದರೂ ಆಗುತ್ತಿರಲಿಲ್ಲ ಎಂದರು ಎಂದು ಹೇಳಿಬಿಡು. ನಾನು ಅಂಗಡಿಗೆ ಹೋದ ಹೊತ್ತು ನೋಡಿ ಹೇಳು. ನಾನು ಮನೆಯಲ್ಲಿದ್ದರೆ ಅಪ್ಪ ನನ್ನ ಮುಖ ನೋಡುತ್ತಾರೆ.